ಗಾಲಿ ಏನಂತು

ಜನವರಿ ೮, ೧೯೭೩. ಸೋಮವಾರ

ಬಣ್ಣದ ಕಂಪನಿಯೊಂದು ಆಫೀಸಿಗೆ ಪುಕ್ಕಟೆ ಹಂಚಿದ ಡೈರಿ ಇದು. ಪ್ರತಿ ಪುಟದ ಬುಡದಲ್ಲೂ ಒಂದೊಂದು ಬಣ್ಣದ ಪಟ್ಟಿ ಇದೆ. ಇವತ್ತಿನದು ತಿಳಿನೀಲಿ. ನನ್ನ ಮನಸ್ಸೂ ಸದ್ಯಕ್ಕೆ ಅದೇ ಬಣ್ಣದಲ್ಲಿದೆ. ನಾಲ್ಕು ವರ್ಷದಿಂದ ಕಂಪ್ಯೂಟರಿನಲ್ಲಿ ನಟ್ಟು ಬೋಲ್ಟುಗಳ ಪಟ್ಟಿ ತಯಾರಿಸಿ ತಯಾರಿಸಿ ನಾನೇ ಒಂದು ಬೋಲ್ಟಾಗಿದ್ದೆ. ಈಗ ಬಿಡುಗಡೆಯ ದಾರಿ ಕಾಣುತ್ತಿದೆ.

ಫೋರ್ಟಿನ ಆಫೀಸಿಗೆ ಹೋಗುತ್ತಲೇ ದೊಡ್ಡ ಸಾಹೇಬರು ಕರೆಸಿದರು. ರೈಲ್ವೆಯಿಂದ ಒಂದು ಕೆಲಸ ಬಂದಿದೆಯಂತೆ. ಬೋಗಿಯ ಗಾಲಿಗಳಲ್ಲಿ ಬಿರುಕಿದ್ದರೆ ಕಂಪ್ಯೂಟರ್ ಕಂಡುಹಿಡಿಯಬೇಕು. ಅದಕ್ಕೆ ಎರಡು ವಿಭಾಗ ತೆರೆದಿದ್ದಾರೆ. ಒಂದು ಚಿತ್ರ ವಿಭಾಗ. ಗಾಲಿಯ ಎಕ್ಸ್‌ರೇ ತೆಗೆದು, ಫಿಲ್ಮಿನ ಒಂದೊಂದು ಚುಕ್ಕೆಯ ಕಪ್ಪನ್ನೂ ಅಂಕಿಯಾಗಿಸಿ ಬಿರುಕು ಹುಡುಕುವುದು. ಅದರ ಮುಖ್ಯಸ್ಥರು ಡಾಕ್ಟರ್ ರಾಮಸ್ವಾಮಿ, ಬೆಂಗಳೂರಿನವರು, ದಿನಕ್ಕೊಂದು ಟೈ. ಇನ್ನೊಂದು ಸಿಗ್ನಲ್ ವಿಭಾಗ. ಗಾಲಿಗೆ ಸುತ್ತಿಗೆಯಿಂದ ಬಡಿದು, ಆ ಸದ್ದನ್ನು ಅಂಕಿಯಾಗಿಸಿ ಬಿರುಕು ಹುಡುಕುವುದು. ಅದರ ಮುಖ್ಯಸ್ಥರು ಜಯಸಿಂಹ. ಸದ್ದಿನ ವಿಭಾಗಕ್ಕೆ ಸದ್ದೇ ಇಲ್ಲದ ಮನುಷ್ಯನನ್ನು ಹಾಕಿದ್ದಾರೆ. ಲಿಫ್ಟಿನಲ್ಲಿ ಸಿಕ್ಕರೆ ತಲೆ ಅಲ್ಲಾಡಿಸುತ್ತಾರೆ, ಅಷ್ಟೆ.

ಮಾರ್ಚ್ ಕೊನೆಯವರೆಗೆ ನಾನು ಎರಡೂ ಕಡೆ ದುಡಿಯಬೇಕು. ಮೂವತ್ತೊಂದರಂದು ಒಂದು ಫಾರಂ ತುಂಬಿ, ಯಾವುದಾದರೂ ಒಂದಕ್ಕೆ ಸೇರಿಕೊಳ್ಳಬೇಕು. ಆಮೇಲೆ ಐದು ವರ್ಷ ಬದಲಾವಣೆ ಇಲ್ಲ. ಫಾರಂ ತುಂಬದಿದ್ದರೆ ಮತ್ತೆ ಬೋಲ್ಟು. “ಯೋಚನೆ ಮಾಡಿ, ಪಂಕಜಾ” ಎಂದರು ಸಾಹೇಬರು. ಅವರ ಮಾತು ಮುಗಿಯುವ ಮೊದಲೇ ನಾನು ಯೋಚನೆ ಮುಗಿಸಿದ್ದೆ. ಚಿತ್ರ. ಇದಕ್ಕೆ ಮೂರು ತಿಂಗಳು ಯಾಕೆ ಬೇಕೋ.

ಜನವರಿ ೧೪. ಭಾನುವಾರ, ಸಂಕ್ರಾಂತಿ

ಎಳ್ಳು ಬೀರಲು ಬಿಲ್ಡಿಂಗಿನ ಮೂರೂ ಮಹಡಿ ಹತ್ತಿಳಿದು ಕಾಲು ಸೋತಿದೆ. ಕೆಳಗಿನ ಮರಾಠಿಯವರು ತಿಳ್‌ಗುಳ್ ಎಂಬ ಎಳ್ಳುಂಡೆ ಕೊಟ್ಟು ಸಿಹಿಯಾಗಿ ಮಾತಾಡು ಎಂದು ಹರಸಿದರು. ಅಮ್ಮ ಮೆಟ್ಟಿಲ ಮೇಲೇ ಶುರುಮಾಡಿದಳು. “ನೀನು ಸಿಹಿಯಾಗಿ ಮಾತಾಡೋದು ಬೇಡ ಕಣೇ, ಬೇರೆಯವರು ಮಾತಾಡೋವಾಗ ಬಾಯಿ ಮುಚ್ಕೊಂಡಿದ್ರೆ ಸಾಕು. ಆಯಮ್ಮ ತನ್ನ ಮೊಣಕಾಲು ನೋವಿನ ವಿಷಯ ಹೇಳ್ತಾ ಇದ್ರೆ, ನೀನು ಮಧ್ಯದಲ್ಲೇ ಔಷಧಿ ಹೇಳ್ಬಿಟ್ಟೆ.”

ನಾನು ಹೇಳಿದ್ದು ಸರಿಯಾದ ಔಷಧಿಯೇ. ಕಾಯುವುದರಲ್ಲಿ ಏನು ಲಾಭ?

ಜನವರಿ ೧೭. ಬುಧವಾರ

ಇವತ್ತು ಜಯಸಿಂಹ ನನ್ನನ್ನು ರೈಲ್ವೆ ಷೆಡ್ಡಿಗೆ ಕರೆದುಕೊಂಡು ಹೋದರು. ಕೆಲಸಗಾರರು ನನ್ನನ್ನು ಕಂಡ ಕೂಡಲೇ ಎಲ್ಲಿಂದಲೋ ಒಂದು ಕುರ್ಚಿ ತಂದರು. ನಾನು ಎಲ್ಲಿಗೆ ಹೋದರೆ ಅಲ್ಲಿಗೆ ಕುರ್ಚಿಯೂ ಹಿಂದೆ ಹಿಂದೆ ಬಂತು. ಹೆಂಗಸು ಎಂದಮೇಲೆ ಕೂತೇ ಇರಬೇಕೆಂದು ರೈಲ್ವೆಯಲ್ಲಿ ಕಾಯಿದೆ ಇದ್ದಂತಿದೆ.

ಗಾಲಿ ಬಡಿಯಲೆಂದೇ ಅಲ್ಲಿ ಒಬ್ಬನಿದ್ದಾನೆ. ಬಿಜಾಪುರದ ಕಡೆಯವನು, ಬಿಳಿ ಮೀಸೆ, ಉದ್ದ ಹಿಡಿಯ ಸಣ್ಣ ಸುತ್ತಿಗೆ. ಬೋಗಿಯ ಉದ್ದಕ್ಕೂ ಬಗ್ಗಿ ನಡೆಯುತ್ತಾ ಒಂದೊಂದು ಗಾಲಿಗೂ ಒಂದೊಂದು ಏಟು. ಗಾಲಿ ಚೆನ್ನಾಗಿದ್ದರೆ ಮುಂದೆ. ಸಂಶಯವಿದ್ದರೆ ಸೀಮೆಸುಣ್ಣದಲ್ಲಿ ಒಂದು ಅಡ್ಡಗೆರೆ. ಮೂವತ್ತು ವರ್ಷದಿಂದ ಇದೇ ಕೆಲಸವಂತೆ.

ನಾನು ಪಕ್ಕದಲ್ಲೇ ನಡೆಯುತ್ತಾ, ಯಾವ ಸದ್ದಿಗೆ ಗೆರೆ ಹಾಕುತ್ತೀರಿ ಎಂದು ಕೇಳಿದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೊನೆಗೆ ಅವನೇ ತಿರುಗಿ, “ಬಾಯಾರ, ಎಣ್ಣಿ ಐತ್ರಿ ಅಲ್ಲಿ, ಸೀರಿಗೆ ಹತ್ತತೈತಿ” ಎಂದ. ಸುತ್ತಿಗೆಯವನಿಗೆ ಎಷ್ಟು ಗರ್ವ ನೋಡು. ನಾಳೆ ತನ್ನ ಕೆಲಸ ಕಂಪ್ಯೂಟರ್ ಮಾಡಿಬಿಡುತ್ತದೆಂದು ಹೊಟ್ಟೆಯುರಿ ಇರಬೇಕು.

ಜಯಸಿಂಹ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹಿಂದೆ ಬರುತ್ತಿದ್ದರು. ಸೀರೆಗೆ ಎಣ್ಣೆ ಹತ್ತಿದ್ದೇ ಇವತ್ತಿನ ಗಳಿಕೆ.

ಜನವರಿ ೨೫. ಗುರುವಾರ

ಚಿತ್ರ ವಿಭಾಗ ಎಂದರೆ ಹೀಗಿರಬೇಕು. ರಾಮಸ್ವಾಮಿಯವರು, “ನಿಮ್ಮ ಮನೆಯಿಂದ ಯಾವುದಾದರೂ ಫೋಟೋ ತನ್ನಿ, ತಮಾಷೆ ತೋರಿಸ್ತೀನಿ” ಎಂದಿದ್ದರು. ಅಮ್ಮನ ಫೋಟೋ ಒಯ್ದಿದ್ದೆ. ಅದನ್ನು ಅಂಕಿಗಳಾಗಿ ಮಾಡಿ ನನ್ನ ಪ್ರೋಗ್ರಾಮಿಗೆ ಉಣಿಸಿದೆವು. ಕಪ್ಪು ಬೇಕಾದ ಕಡೆ ಒಂದರ ಮೇಲೊಂದು ಮೂರು ನಾಲ್ಕು ಅಕ್ಷರ ಬಡಿದು, ಬಿಳುಪು ಬೇಕಾದ ಕಡೆ ಬರಿ ಚುಕ್ಕೆ ಇಟ್ಟು, ಪ್ರಿಂಟರ್ ಗಡಗಡ ಎಂದು ಅಮ್ಮನನ್ನು ಐದು ಪಟ್ಟಿಗಳಲ್ಲಿ ಹೊರಗೆ ಕಳಿಸಿತು. ಅಂಟಿಸಿದರೆ ಬಾಗಿಲಷ್ಟು ಎತ್ತರದ ಅಮ್ಮ. ಚರ್ಚ್‌ಗೇಟಿನಿಂದ ಕಾಂದಿವಲಿಯವರೆಗೆ ಲೋಕಲಿನಲ್ಲಿ ಸುರುಳಿ ಸುತ್ತಿ ಹಿಡಿದು ತರುವಾಗ ಒಬ್ಬಳು ನನ್ನನ್ನು ಚಾಪೆ ಮಾರುವವಳೆಂದು ತಿಳಿದು ಬೆಲೆ ಕೇಳಿದಳು.

ಅಮ್ಮ ದೂರದಿಂದ ನೋಡಿ ಖುಷಿಪಟ್ಟಳು. ಹತ್ತಿರ ಹೋಗಿ ಕನ್ನಡಕ ಏರಿಸಿದಳು. “ಹತ್ತಿರ ಬಂದ್ರೆ ನಾನೇ ಇಲ್ವಲ್ಲೇ. ಬರೀ ಇಂಗ್ಲಿಷ್ ಅಕ್ಷರ.” ಆದರೂ ಹಜಾರದಲ್ಲಿ ತೂಗುಹಾಕಿಸಿಕೊಂಡಿದ್ದಾಳೆ. ಮೈಸೂರಿನ ಅತ್ತೆಗೆ ಕಾಗದ ಬರೆದಳು, ನಮ್ಮ ಪಂಕಜಾ ಕಂಪ್ಯೂಟರಿನಲ್ಲಿ ಚಿತ್ರ ಬರೆಯುತ್ತಾಳೆ ಎಂದು. “ಇದಕ್ಕೇ ಸೇರ್ಕೋ. ನಾಲ್ಕು ಜನಕ್ಕೆ ತೋರಿಸಬಹುದು. ಸದ್ದನ್ನ ಯಾರಿಗೆ ತೋರಿಸ್ತೀಯ?” ಎಂದಳು. ನನ್ನ ತಾಯಿ ಒಮ್ಮೊಮ್ಮೆ ನನ್ನಷ್ಟೇ ಬುದ್ಧಿವಂತೆ.

ಫೆಬ್ರವರಿ ೯. ಶುಕ್ರವಾರ

ಒಂದು ಎಡವಟ್ಟಾಗಿದೆ. ಬೇಡದ ವಿಭಾಗದಲ್ಲಿ ನಾನು ಗೆದ್ದುಬಿಟ್ಟಿದ್ದೇನೆ.

ಷೆಡ್ಡಿನ ಟೇಪುಗಳೆಲ್ಲ ಅಂಕಿಯಾಗಿ ಬಂದಿದ್ದವು, ನಲವತ್ತು ಗಾಲಿ, ಅರ್ಧ ಒಳ್ಳೆಯವು, ಅರ್ಧ ಕೆಟ್ಟವು. ಪ್ರತಿ ಏಟಿನ ನಂತರದ ಒಂದು ಸೆಕೆಂಡನ್ನು ಕತ್ತರಿಸಿ ತೆಗೆದು, ಒಳ್ಳೆಯ ಗಾಲಿಗೂ ಕೆಟ್ಟ ಗಾಲಿಗೂ ಏನು ವ್ಯತ್ಯಾಸ ಎಂದು ಪ್ರೋಗ್ರಾಮೇ ಹುಡುಕಿಕೊಳ್ಳುವಂತೆ ಬರೆದೆ. ತೂತು ಹೊಡೆದ ಮುನ್ನೂರ ಹನ್ನೆರಡು ಕಾರ್ಡು. ಬುಧವಾರ ಅವು ಕೈಜಾರಿ ಮೆಟ್ಟಿಲ ಮೇಲೆಲ್ಲ ಚೆಲ್ಲಿದವು, ಮತ್ತೆ ಜೋಡಿಸಲು ಅರ್ಧ ದಿನ ಹಿಡಿಯಿತು. ಇವತ್ತು ಓಡಿಸಿದರೆ ನಲವತ್ತಕ್ಕೆ ನಲವತ್ತು. ಸುತ್ತಿಗೆಯವನು (ಖಂಡಪ್ಪ ಎಂದು ಹೆಸರಂತೆ) ಗೆರೆ ಹಾಕಿದ ಗಾಲಿಗಳನ್ನೆಲ್ಲ ನನ್ನ ಪ್ರೋಗ್ರಾಮ್ ಒಂದೂ ಬಿಡದೆ ಹಿಡಿಯಿತು.

ಜಯಸಿಂಹ ಕಾಗದವನ್ನು ಬಹಳ ಹೊತ್ತು ನೋಡಿದರು. ಹೊಗಳುತ್ತಾರೆಂದು ಸೆರಗು ಸರಿಮಾಡಿಕೊಂಡು ನಿಂತೆ. “ಟೇಪ್ ಕೇಳಿದ್ರಾ?” ಎಂದರು.

“ಅಂಕಿಗಳೇ ಇವೆಯಲ್ಲ ಸಾರ್. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?”

“ಒಂದು ಸಲ ಕೇಳಿ” ಎಂದು ಹೊರಟುಹೋದರು. ತಿಂಗಳಿಗೆ ಎರಡು ವಾಕ್ಯ ಆಡುವವರು ಅವನ್ನೂ ಹೀಗೆ ದಂಡ ಮಾಡಬಾರದು.

ಫೆಬ್ರವರಿ ೧೪. ಬುಧವಾರ

ಚಿತ್ರ ವಿಭಾಗದಲ್ಲಿ ಬಿರುಕು ಸಿಕ್ಕಿತು. ರಾಮಸ್ವಾಮಿಯವರು ಆಫೀಸಿಗೆಲ್ಲ ಪೇಡೆ ಹಂಚಿದರು. ಗಾಲಿಯ ಎಕ್ಸ್‌ರೇಯಲ್ಲಿ ನಡುವಿನಿಂದ ಅಂಚಿನವರೆಗೆ ನವಿರಾಗಿ, ಚೂರು ಬಾಗಿಕೊಂಡು ಹೋಗಿರುವ ಗೆರೆ. “ನೋಡಿ, ಕಣ್ಣಿಗೆ ಕಂಡದ್ದೇ ಸತ್ಯ” ಎಂದರು.

ಆಮೇಲೆ ನೋಡಿದರೆ ಮುಂದಿನ ಫಿಲ್ಮಿನಲ್ಲೂ ಅದೇ ಬಿರುಕು, ಅದರ ಮುಂದಿನದರಲ್ಲೂ ಅದೇ. ಫಿಲ್ಮನ್ನು ಅಂಕಿಯಾಗಿಸುವ ಯಂತ್ರ ಬಿಚ್ಚಿ ನೋಡಿದೆವು. ಗಾಜಿಗೆ ಒಂದು ಕೂದಲು ಅಂಟಿತ್ತು. ರಾಮಸ್ವಾಮಿಯವರು ಅದನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಮೊಣಕೈ ಉದ್ದ. ಆ ವಿಭಾಗದಲ್ಲಿ ಅಷ್ಟು ಉದ್ದ ಕೂದಲಿರುವವಳು ನಾನೊಬ್ಬಳೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಪೇಡೆ ಮಾತ್ರ ಚೆನ್ನಾಗಿತ್ತು. ನಾಳೆಯಿಂದ ತುರುಬು ಕಟ್ಟಬೇಕು.

ಫೆಬ್ರವರಿ ೨೭. ಮಂಗಳವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ನನ್ನ ನಲವತ್ತಕ್ಕೆ ನಲವತ್ತನ್ನು ನಂಬಿ, ದೊಡ್ಡ ಸಾಹೇಬರು ಕಳೆದ ವಾರ ರೈಲ್ವೆಯ ಅಧಿಕಾರಿಗಳನ್ನು ಪರೀಕ್ಷೆಗೆ ಕರೆದಿದ್ದರು. ಹೊಸದಾಗಿ ನಲವತ್ತು ಗಾಲಿ. ಖಂಡಪ್ಪ ಗಣ್ಯರು ಬರುತ್ತಾರೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಗಂಭೀರವಾಗಿ ಬಡಿದ. ಅವನು ಹಾಕಿದ ಗೆರೆಗಳನ್ನು ಅಧಿಕಾರಿಗಳೇ ಬರೆದುಕೊಂಡು ಲಕೋಟೆಯಲ್ಲಿ ಮುಚ್ಚಿಟ್ಟರು. ಟೇಪು ನಮಗೆ ಕೊಟ್ಟರು. ಇವತ್ತು ಎಲ್ಲರ ಎದುರಿಗೆ ನನ್ನ ಪ್ರೋಗ್ರಾಮ್ ಓಡಿತು.

ನಲವತ್ತೂ ಗಾಲಿ ಒಳ್ಳೆಯವು ಎಂದಿತು.

ಲಕೋಟೆ ಒಡೆದರು. ಖಂಡಪ್ಪ ಆರಕ್ಕೆ ಗೆರೆ ಹಾಕಿದ್ದ. ಆ ಆರನ್ನೂ ಷೆಡ್ಡಿನಲ್ಲಿ ಬಿಚ್ಚಿ ನೋಡಿಯಾಗಿತ್ತಂತೆ. ಆರರಲ್ಲೂ ಬಿರುಕು ಇತ್ತು.

ಅಧಿಕಾರಿಗಳಿಗೆ ಚಹಾ ಕೊಟ್ಟು, ಪ್ರಿಂಟರಿನ ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡೆ. ನನಗೆ ನಾಚಿಕೆಯಾಗಿದೆ, ಇನ್ನೇನು ಬರೆಯಲಿ.

ಫೆಬ್ರವರಿ ೨೮. ಬುಧವಾರ

ರಾಮಸ್ವಾಮಿಯವರು ಫೋರ್ಟಿನ ಉಡುಪಿ ಹೋಟೆಲಿಗೆ ಕರೆದೊಯ್ದು ಮಸಾಲೆ ದೋಸೆ ಕೊಡಿಸಿದರು. ಒಳ್ಳೆಯ ಮನುಷ್ಯ. ಜೇಬಿನಲ್ಲೇ ಫಾರಂ ಇತ್ತು. “ಎರಡು ದೋಣಿಯಲ್ಲಿ ಕಾಲಿಟ್ಟು ಯಾಕೆ ಒದ್ದಾಡ್ತೀರ ಪಂಕಜಾ. ಇವತ್ತೇ ಸಹಿ ಹಾಕಿ. ಮುಂದಿನ ವರ್ಷ ಪವಾಯಿಯಲ್ಲಿ ಚಿತ್ರಗಳ ಬಗ್ಗೆ ದೊಡ್ಡ ಸಭೆ ನಡೆಯುತ್ತೆ. ನೀವೇ ಮಾತಾಡಬೇಕು.”

ನನಗೆ ಬೇಕಾಗಿದ್ದದ್ದೂ ಅದೇ. ಪೆನ್ನು ತೆಗೆದೆ. ಚಟ್ನಿ ಬೆರಳು ತೊಳೆದುಕೊಂಡು ಬರುತ್ತೇನೆ ಎಂದು ಎದ್ದೆ. ನಲ್ಲಿಯ ಹತ್ತಿರ ನಿಂತಾಗ ಒಂದೇ ಯೋಚನೆ. ನಲವತ್ತಕ್ಕೆ ನಲವತ್ತು ಹೇಗೆ ಬಂತು? ಸುಮ್ಮನೆ ಬರುವುದಿಲ್ಲ ಅದು. ತಪ್ಪು ಎಲ್ಲಿದೆಯೆಂದು ತಿಳಿಯದೆ ಹೊರಟುಬಿಟ್ಟರೆ ಓಡಿಹೋದ ಹಾಗೆ ಆಗುತ್ತದೆ.

“ನಾಳೆ ತುಂಬುತ್ತೇನೆ ಸಾರ್” ಎಂದೆ. ನನ್ನ ಬಾಯಿಂದ ‘ನಾಳೆ’ ಎಂಬ ಮಾತು ಬಂದದ್ದು ಇದೇ ಮೊದಲು.

ಮಾರ್ಚ್ ೫. ಸೋಮವಾರ

ಹೆಡ್‌ಫೋನ್ ಹಾಕಿಕೊಂಡು ಎರಡು ದಿನದಿಂದ ಟೇಪ್ ಕೇಳುತ್ತಿದ್ದೇನೆ. ಠಣ್. ಠಣ್. ಠಣ್. ಮನೆಗೆ ಬಂದರೆ ಅಮ್ಮ ಒಗ್ಗರಣೆ ಸೌಟು ಬಡಿದರೂ ಬೆಚ್ಚಿಬೀಳುತ್ತೇನೆ.

ಇನ್ನೂ ಏನೂ ಸಿಕ್ಕಿಲ್ಲ.

ಮಾರ್ಚ್ ೮. ಗುರುವಾರ

ಸಿಕ್ಕಿತು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಹಳೆಯ ಟೇಪುಗಳಲ್ಲಿ ಒಳ್ಳೆಯ ಗಾಲಿಯಾದರೆ ಠಣ್ ಅಷ್ಟೆ. ಕೆಟ್ಟ ಗಾಲಿಯಾದರೆ ಠಣ್, ಅದರ ಹಿಂದೆಯೇ ಸಣ್ಣದೊಂದು ‘ತ್ಚು’. ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಎಳೆಯುವ ‘ತ್ಚು’. ಅಯ್ಯೋ ಪಾಪ ಎನ್ನುವಾಗ ಎಲ್ಲರೂ ಮಾಡುವುದೇ. ಬಿರುಕು ಗೊತ್ತಾದ ಕೂಡಲೇ ಖಂಡಪ್ಪ ಗಾಲಿಗೆ ಮರುಗುತ್ತಾನೆ. ನಾನು ಕತ್ತರಿಸಿ ಕೊಟ್ಟ ಒಂದು ಸೆಕೆಂಡಿನೊಳಗೆ ಅವನ ಮರುಕವೂ ಇತ್ತು. ನನ್ನ ಘನ ಪ್ರೋಗ್ರಾಮ್ ಗಾಲಿಯನ್ನು ಕೇಳಿಯೇ ಇರಲಿಲ್ಲ. ಖಂಡಪ್ಪನ ನಾಲಿಗೆಯನ್ನು ಕೇಳಿ ನಲವತ್ತಕ್ಕೆ ನಲವತ್ತು ಹೊಡೆದಿತ್ತು. ಪರೀಕ್ಷೆಯ ದಿನ ಬಾಯಲ್ಲಿ ಎಲೆ ಅಡಿಕೆ ತುಂಬಿತ್ತು, ನಾಲಿಗೆ ಆಡಲಿಲ್ಲ, ಗಾಲಿಗಳೆಲ್ಲ ಒಳ್ಳೆಯವಾದವು. ಪಕ್ಕದವಳ ಉತ್ತರ ನೋಡಿ ಬರೆದು ಪಾಸಾದವಳ ಕಥೆ.

ಜಯಸಿಂಹರಿಗೆ ಕೇಳಿಸಿದೆ. ಅವರು ನಕ್ಕದ್ದನ್ನು ಇವತ್ತೇ ನೋಡಿದ್ದು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಟೇಪ್ ಕೇಳಿ ಅಂದಾಗಲೇ ನೀವು ಇದನ್ನೂ ಹೇಳಬಹುದಿತ್ತಲ್ಲ ಸಾರ್” ಎಂದೆ. “ನನಗೂ ಗೊತ್ತಿರಲಿಲ್ಲ. ಕೇಳದೆ ಹೇಗೆ ಗೊತ್ತಾಗಬೇಕು?” ಎಂದರು.

‘ತ್ಚು’ವನ್ನು ಕತ್ತರಿಸಿ ಹಾಕಿ ಮತ್ತೆ ಓಡಿಸಿದೆ. ನಲವತ್ತಕ್ಕೆ ಇಪ್ಪತ್ತೊಂದು. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು. ಅಂದಮೇಲೆ ಆ ಸದ್ದಿನಲ್ಲಿ ಖಂಡಪ್ಪನಿಗೆ ಕೇಳಿಸುವಂಥದ್ದು ಏನಿದೆ? ಅವನ ಮನೆಗೇ ಹೋಗಿ ಕೇಳಬೇಕು.

ಮಾರ್ಚ್ ೧೧. ಭಾನುವಾರ

ಹಳಿಯ ಪಕ್ಕದ ಚಾಳಿನಲ್ಲಿ ಮೊದಲ ಮಹಡಿ. ಲೋಕಲ್ ಹೋದಾಗಲೆಲ್ಲ ಗೂಡಿನಲ್ಲಿಟ್ಟ ಲೋಟಗಳು ಗಲಗಲ ಅನ್ನುತ್ತವೆ. ಖಂಡಪ್ಪನ ಹೆಂಡತಿ ಹಾಲವ್ವ ಜೋಳದ ರೊಟ್ಟಿ ಬಡಿಯುತ್ತಿದ್ದರು. “ಬರ್ರಿ, ಕುಂದರ್ರಿ. ಆ ಕಡೆ ಬ್ಯಾಡ್ರಿ, ಈ ಕಡೆ ಕುಂದರ್ರಿ” ಎಂದು ನನ್ನನ್ನು ಗಂಡನ ಬಲಗಡೆಗೆ ಕೂರಿಸಿದರು. ಎಡಗಡೆ ಗಾಳಿ ಚೆನ್ನಾಗಿತ್ತು, ನಾನು ಅಲ್ಲೇ ಕೂರುತ್ತೇನೆ ಎಂದು ಎದ್ದು ಹೋದೆ. ಏಟು ಬಡಿದಾಗ ಏನು ಕೇಳುತ್ತೀರಿ ಎಂದು ಕೇಳಿದೆ. ಖಂಡಪ್ಪ ರೊಟ್ಟಿ ಮುರಿದು ಬಾಯಿಗಿಟ್ಟರು. ಎರಡನೇ ಸಲ ಕೇಳಿದೆ. ಸುಮ್ಮನಿದ್ದರು.

ಹಾಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ನನ್ನ ಮುಖವನ್ನೂ ಗಂಡನ ಮುಖವನ್ನೂ ನೋಡಿ ಮೆಲ್ಲಗೆ ಹೇಳಿದರು. “ಅವರಿಗೆ ಎಡಗಿವಿ ಹೋಗಿ ಹತ್ತ ವರ್ಷ ಆತ್ರಿ. ಬಲಗಿವಿನೂ ಅರ್ಧ. ಯಾರಿಗೂ ಹೇಳಬ್ಯಾಡ್ರಿ. ಏಪ್ರಿಲ್‌ದಾಗ ಡಾಕ್ಟರ್ ಕಿವಿ ನೋಡತಾರ್ರಿ. ಈ ಸರತಿ ಗೊತ್ತಾತಂದ್ರ ಸುತ್ತಿಗಿ ಕಸಗೊಂಡು ಸ್ಟೋರಿನ್ಯಾಗ ಕುಂದರಸ್ತಾರ. ಡಿಸೆಂಬರಕ್ಕ ರಿಟೈರ್. ಅಲ್ಲೀತನ ಸುತ್ತಿಗಿ ಇರಲಿ ಅಂತಾರ್ರಿ ಇವರು.”

ನನಗೆ ಷೆಡ್ಡು ನೆನಪಾಯಿತು. ನಾನು ಅವತ್ತು ನಡೆದದ್ದು ಎಡಗಡೆಯಲ್ಲೇ. ಗರ್ವ ಎಂದು ಈ ಡೈರಿಯಲ್ಲೇ ಬರೆದಿದ್ದೇನೆ. ಬಲಗಡೆಗೆ ಬಂದು ಕೂತೆ.

“ಮತ್ತೆ ಗಾಲಿಯ ಸದ್ದು ನಿಮಗೆ ಹೇಗೆ ಕೇಳುತ್ತೆ?” ಎಂದೆ, ಸ್ವಲ್ಪ ಜೋರಾಗಿ.

ಖಂಡಪ್ಪನವರು ನಕ್ಕರು. “ಕೇಳೂದಿಲ್ರಿ ಬಾಯಾರ. ಗಾಲಿ ಕೈಗೆ ಹೇಳತೈತಿ.” ಎದ್ದು ಹೋಗಿ ಎರಡು ರೊಟ್ಟಿ ಹಂಚು ತಂದರು. ಒಂದು ದಿನಾ ಬಳಸುವ ಬೀಡಿನ ಹಂಚು. ಇನ್ನೊಂದು ಬಿರುಕು ಬಿಟ್ಟು, ನೀರಿನ ಕೊಡದ ಮೇಲೆ ಮುಚ್ಚಳವಾಗಿ ಕೂತಿದ್ದದ್ದು. ನನ್ನ ಎರಡೂ ಕಿವಿಗೆ ಹತ್ತಿ ತುರುಕಿಸಿ, ಕಣ್ಣು ಮುಚ್ಚಿಸಿ, ಕೈಗೆ ಸುತ್ತಿಗೆ ಕೊಟ್ಟರು. “ಗಟ್ಟಿ ಹಿಡೀಬ್ಯಾಡ್ರಿ. ಹಿಟ್ಟಿನ ಮುದ್ದಿ ಹಿಡಿದಂಗ ಹಿಡೀರಿ. ಬಡೀರಿ.”

ಬಡಿದೆ. ನನಗೇನೂ ತಿಳಿಯಲಿಲ್ಲ. ಎಂಟು ಹತ್ತು ಸಲ ಬಡಿಸಿದರು. ಹತ್ತಿಯ ಮೂಲಕ ಅವರ ದನಿ ದೂರದಿಂದ ಬರುತ್ತಿತ್ತು. “ಚೊಲೋದು ಸುತ್ತಿಗಿನ ವಾಪಸ್ ಒಗೀತೈತಿ. ಒಡಕಿಂದು ಒಂದು ಗಳಿಗಿ ಹಿಡಕೊಂತೈತಿ. ಅವಸರ ಮಾಡಬ್ಯಾಡ್ರಿ, ಅದು ಹೇಳೂತನ ಕಾಯ್ರಿ.”

ಹನ್ನೊಂದನೆಯದೋ ಹನ್ನೆರಡನೆಯದೋ ಏಟಿಗೆ ಅಂಗೈಯಲ್ಲಿ ಗೊತ್ತಾಯಿತು. ಒಂದು ಹಂಚು ಸುತ್ತಿಗೆಯನ್ನು ಎಸೆಯುತ್ತಿತ್ತು. ಇನ್ನೊಂದು ತಡೆದು ಬಿಡುತ್ತಿತ್ತು. ಹಾಲವ್ವ ಹಂಚುಗಳನ್ನು ಅದಲುಬದಲು ಮಾಡಿ ಮೋಸ ಮಾಡಿದರೂ ಹಿಡಿದೆ.

ಎರಡು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಿಂದು ಬಂದೆ. ಅಮ್ಮ ಏನು ಹೇಳುತ್ತಿದ್ದಳೋ, ಪೂರ್ತಿ ಕೇಳಿಸಿಕೊಂಡೆ. ಕೆಳಗಿನ ಮನೆಯ ಮೊಣಕಾಲಿನ ಆಂಟಿಯ ಕಥೆ. ಅವರಿಗೆ ನೋವಿರುವುದು ಮೊಣಕಾಲಲ್ಲಲ್ಲ, ಸೊಸೆಯ ವಿಷಯದಲ್ಲಂತೆ. “ನಿಂಗೆ ಹುಷಾರಿಲ್ವಾ?” ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು.

ಮಾರ್ಚ್ ೧೩. ಮಂಗಳವಾರ

ಜಯಸಿಂಹರಿಗೆ ಹೇಳಿದೆ. ಸದ್ದನ್ನು ಗಾಳಿಯಲ್ಲಿ ಹಿಡಿಯುವುದು ಬೇಡ, ಸುತ್ತಿಗೆಯ ಹಿಡಿಯ ನಡುಕ ಹಿಡಿಯೋಣ.

ಅವರು ಕನ್ನಡಕ ತೆಗೆದರು. “ಯಾರು ಹೇಳಿದ್ದು?”

ನಾನೇ ಎಂದುಬಿಟ್ಟರೆ ಯಾವ ತೊಡಕೂ ಇರಲಿಲ್ಲ. ಗುಟ್ಟೂ ಉಳಿಯುತ್ತಿತ್ತು, ಹೆಸರೂ ಬರುತ್ತಿತ್ತು. ಮೊದಲಾಗಿದ್ದರೆ ಅವರು ಪ್ರಶ್ನೆ ಮುಗಿಸುವ ಮೊದಲೇ ಹೇಳಿರುತ್ತಿದ್ದೆ. “ಖಂಡಪ್ಪನವರು” ಎಂದೆ. “ಮೂವತ್ತು ವರ್ಷ ಸುತ್ತಿಗೆ ಹಿಡಿದವರು. ಗಾಲಿ ಕೈಗೆ ಹೇಳುತ್ತೆ ಅಂದರು.” ಅದಕ್ಕಿಂತ ಒಂದು ಅಕ್ಷರವೂ ಹೆಚ್ಚು ಹೇಳಲಿಲ್ಲ. ಹಾಗೆ ಅರ್ಧಕ್ಕೆ ನಿಲ್ಲಿಸಿ ನನಗೆ ಅಭ್ಯಾಸವಿಲ್ಲ.

ಅವರು ಮತ್ತೇನೂ ಕೇಳಲಿಲ್ಲ. ಸಂಜೆ ತಮ್ಮ ಮನೆಯ ಗ್ರಾಮಫೋನಿನ ಮುಳ್ಳಿನ ಹಿಂದಿರುವ ಹರಳನ್ನು ಬಿಚ್ಚಿ ತರುವುದಾಗಿ ಹೇಳಿದರು. ನಡುಕವನ್ನು ವಿದ್ಯುತ್ತಾಗಿಸಲು ಅದು ಸಾಕಂತೆ. ಅವರ ಮನೆಯಲ್ಲಿ ಇನ್ನು ಹಾಡಿಲ್ಲ.

ಮಾರ್ಚ್ ೨೨. ಗುರುವಾರ

ಹರಳನ್ನು ಸುತ್ತಿಗೆಯ ಹಿಡಿಗೆ ಪಟ್ಟಿ ಸುತ್ತಿ ಕಟ್ಟಿದೆವು. ಷೆಡ್ಡಿಗೆ ಹೋದಾಗ ಜಯಸಿಂಹರು ಖಂಡಪ್ಪನವರಿಗೆ ನಮಸ್ಕಾರ ಹೇಳಿ, ಏನೂ ಆಗದವರಂತೆ ಸುತ್ತು ಹಾಕಿ ಅವರ ಬಲಗಡೆಗೆ ಹೋಗಿ ನಿಂತು ಮಾತಾಡತೊಡಗಿದರು. ನಾನು ಅವರಿಗೆ ಹೇಳಿರಲಿಲ್ಲ. ಈ ಮನುಷ್ಯ ಎಷ್ಟು ದಿನದಿಂದ ಹಾಗೆ ನಿಲ್ಲುತ್ತಿದ್ದರೋ, ನಾನು ನೋಡಿರಲೇ ಇಲ್ಲ.

ನನಗೊಂದು ಅಳುಕಿತ್ತು. ಗುಟ್ಟು ಮುಚ್ಚಿಟ್ಟು, ನಾಳೆ ಯಾವುದೋ ಗಾಲಿ ಮುರಿದರೆ? ಷೆಡ್ಡಿನ ರಿಜಿಸ್ಟರ್ ಕೇಳಿ ಪಡೆದು ಹತ್ತು ವರ್ಷದ್ದೂ ಓದಿದೆ. ಅವರು ಗೆರೆ ಹಾಕಿದ ಗಾಲಿಯಲ್ಲಿ ಬಿರುಕಿಲ್ಲದ್ದು ಒಂದೂ ಇಲ್ಲ. ಅವರು ಬಿಟ್ಟ ಗಾಲಿ ಕೆಟ್ಟದ್ದೂ ಇಲ್ಲ. ಕಿವಿ ಚೆನ್ನಾಗಿರುವ ಬೇರೆಯವರ ಪುಟಗಳನ್ನು ಓದಿದ ಮೇಲೆ ನನ್ನ ಅಳುಕು ಪೂರ್ತಿ ಹೋಯಿತು.

ಮಾರ್ಚ್ ೨೮. ಬುಧವಾರ

ನಲವತ್ತಕ್ಕೆ ಮೂವತ್ತನಾಲ್ಕು. ಹರಳಿನಿಂದ ಬಂದದ್ದು, ಹೊಸ ನಲವತ್ತು ಗಾಲಿ, ಅರ್ಧಕ್ಕರ್ಧ ಬಿರುಕಿನವು. ನಾಲಿಗೆಯ ಪಾಲು ಇದರಲ್ಲಿ ಇಲ್ಲ, ಎರಡೆರಡು ಸಲ ಕೇಳಿದ್ದೇನೆ.

ದೊಡ್ಡ ಸಾಹೇಬರಿಗೆ ಇದು ನಲವತ್ತಕ್ಕಿಂತ ಕಡಿಮೆ ಎನ್ನುವುದಷ್ಟೇ ಕಂಡಿತು. ನನಗೆ ಮಾತ್ರ ಇಷ್ಟು ಸಂತೋಷ ನಲವತ್ತಕ್ಕೂ ಆಗಿರಲಿಲ್ಲ. ಇನ್ನು ಆರು ಉಳಿದಿವೆ. ಆ ಆರೂ ತೆಳು ಬಿರುಕುಗಳು, ಅವು ಹೇಗೆ ಹೇಳುತ್ತವೋ ನೋಡಬೇಕು. ವರದಿಯಲ್ಲಿ ಮೊದಲ ಹೆಸರು ಖಂಡಪ್ಪನವರದು ಎಂದು ಬರೆದೆ. ಟೈಪ್ ಮಾಡುವವನು ಅವರ ಡಿಗ್ರಿ ಏನು ಎಂದು ಕೇಳಿದ. ಬಿಜಾಪುರ ಎಂದೆ.

ಮಾರ್ಚ್ ೩೧. ಶನಿವಾರ

ಫಾರಂ. ಚಿತ್ರ, ಸಿಗ್ನಲ್ ಎಂದು ಎರಡು ಚೌಕ, ಕೆಳಗೆ ‘ಕಾರಣ’ ಎಂದು ಒಂದೇ ಒಂದು ಗೆರೆ.

ಬೆಳಿಗ್ಗೆ ರಾಮಸ್ವಾಮಿಯವರು ಬಂದು ಹೋದರು. ಅವರಿಗೆ ಹೇಳುವುದೇ ಕಷ್ಟವಾಯಿತು. ಬೇಸರಪಟ್ಟರು. ಆಮೇಲೆ, “ಹೋಗ್ಲಿ ಬಿಡಿ, ಗಾಜಿಗೆ ಕೂದಲಾದ್ರೂ ಅಂಟೋಲ್ಲ” ಎಂದು ನಕ್ಕರು. ಚಿತ್ರವನ್ನು ನಾನು ಕೀಳೆಂದು ಬಿಟ್ಟಿಲ್ಲ. ಅದು ಈಗಲೂ ಚೆಂದವೇ. ಅಮ್ಮ ಹಜಾರದಲ್ಲಿ ತೂಗುತ್ತಲೇ ಇದ್ದಾಳೆ, ಫ್ಯಾನ್ ಹಾಕಿದರೆ ಅಲ್ಲಾಡುತ್ತಾಳೆ.

ಎರಡನೆಯ ಚೌಕಕ್ಕೆ ಗುರುತು ಹಾಕಿದೆ. ಕಾರಣದ ಗೆರೆಯ ಮುಂದೆ ಅರ್ಧ ಗಂಟೆ ಕೂತೆ. ಕೊನೆಗೆ ‘ಇನ್ನೂ ಆರು ಗಾಲಿ ಬಾಕಿ’ ಎಂದು ಬರೆದು ಕೊಟ್ಟೆ.

ಮನೆಯಲ್ಲಿ ಅಮ್ಮನಿಗೆ ಹೇಳಿದಾಗ ಬೈಯುತ್ತಾಳೆಂದುಕೊಂಡಿದ್ದೆ. “ಅತ್ತೆಗೆ ಏನಂತ ಬರೀಲಿ ಹಾಗಾದ್ರೆ?” ಎಂದಳು. ನನಗೂ ತಿಳಿಯಲಿಲ್ಲ. ಹಿತ್ತಾಳೆ ಚೆಂಬು ತಂದು, ಅವಳ ಕೈಗೆ ಸೌಟು ಕೊಟ್ಟು, ಕಣ್ಣು ಮುಚ್ಚಿ ಬಡಿ ಎಂದೆ. ಅಮ್ಮ ಒಂದೇ ಏಟಿಗೆ, “ಇದರ ತಳ ಹೋಗಿದೆ ಕಣೇ, ದೀಪಾವಳಿಯಿಂದ ಹೇಳ್ತಾನೇ ಇದೀನಿ, ನೀನು ಕೇಳಿದ್ಯಾ?” ಎಂದಳು.

ಏಪ್ರಿಲ್ ೬. ಶುಕ್ರವಾರ

ಡಾಕ್ಟರ ಪಟ್ಟಿಯಲ್ಲಿ ಖಂಡಪ್ಪನವರ ಹೆಸರು ಈ ಸಲ ಬರಲಿಲ್ಲ. ಡಿಸೆಂಬರಿನವರೆಗೆ ಸುತ್ತಿಗೆ ಸಮೇತ ಅವರು ನಮ್ಮ ಕೆಲಸಕ್ಕೆ ಬೇಕೆಂದು ಜಯಸಿಂಹರು ರೈಲ್ವೆಗೆ ಕಾಗದ ಬರೆದಿದ್ದರಂತೆ, ಅವರೂ ಒಪ್ಪಿದ್ದಾರೆ. ನನಗೆ ಹೇಳಿದ್ದು ಹಾಲವ್ವ. ಜಯಸಿಂಹರು ಹೇಳುವ ಜಾತಿಯವರಲ್ಲ.

ಇವತ್ತು ಷೆಡ್ಡಿನಲ್ಲಿ ಖಂಡಪ್ಪನವರು ಸುತ್ತಿಗೆಯನ್ನು ನನ್ನ ಕೈಗೇ ಕೊಟ್ಟರು. “ನೀನ ಬಡಿ ಯವ್ವಾ. ನಾ ಗೆರಿ ಹಾಕತೀನಿ.” ಬೇರೆ ಕೈಗಳ ಏಟೂ ರೆಕಾರ್ಡ್ ಆಗಬೇಕು ಎಂದು ಜಯಸಿಂಹರೂ ಅಂದರು. ಕುರ್ಚಿ ಹಿಂದೆ ಬರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಗ್ಗಿ ಬಗ್ಗಿ ಹದಿನಾರು ಗಾಲಿ ಬಡಿದೆ. ಪ್ರತಿಯೊಂದಕ್ಕೂ ಖಂಡಪ್ಪನವರು, “ಗಾಲಿ ಏನಂತು?” ಎನ್ನುತ್ತಿದ್ದರು. ನಾನು, “ಗೊತ್ತಾಗಲಿಲ್ಲ” ಎನ್ನುತ್ತಿದ್ದೆ. ಹಂಚು ಬೇರೆ, ಗಾಲಿ ಬೇರೆ. ಇದು ನನ್ನ ಕೈಗೆ ಹತ್ತುವ ವಿದ್ಯೆಯಲ್ಲ ಎಂದು ಬೇಸರವಾಯಿತು.

ಹನ್ನೊಂದನೆಯ ಗಾಲಿ ಬಡಿದಾಗ ಮಾತ್ರ ಖಂಡಪ್ಪನವರು ನನ್ನ ಮುಖ ನೋಡಿ, ಏನೂ ಕೇಳದೆ ಬಗ್ಗಿ ಅಡ್ಡಗೆರೆ ಎಳೆದರು. ಆಮೇಲೆ ತಾವೂ ಒಂದು ಏಟು ಬಡಿದು ನೋಡಿ, ಹೌದೆಂದು ತಲೆಯಾಡಿಸಿದರು. ಹಿಂದಿನಿಂದ ಜಯಸಿಂಹರು ಟೇಪ್ ನಿಲ್ಲಿಸಿದರು.

“ಅದನ್ನು ಅಳಿಸಬೇಕು ಪಂಕಜಾ. ಇನ್ನೊಂದು ಸಲ ಬಡೀರಿ.”

“ಯಾಕೆ ಸಾರ್? ಏಟು ಸರಿಯಾಗಿಯೇ ಬಿತ್ತಲ್ಲ.”

“ನೀವು ಮಧ್ಯೆ ಸದ್ದು ಮಾಡಿದ್ರಿ.”

ನಾನು ಬಾಯಿ ತೆರೆದೇ ಇಲ್ಲ ಎಂದು ವಾದಿಸಿದೆ. ಖಂಡಪ್ಪನವರು ಮೀಸೆಯಡಿಯಲ್ಲಿ ನಗುತ್ತಿದ್ದರು. ಟೇಪನ್ನು ಹಿಂದಕ್ಕೆ ಸುತ್ತಿ ಕೇಳಿಸಿದರು. ಠಣ್ ಎಂದಿತು. ಅದರ ಹಿಂದೆಯೇ, ಸಣ್ಣದಾಗಿ, ನನ್ನದೇ ‘ತ್ಚು’.

ಖಂಡಪ್ಪನವರು ಚಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ ಅಡಿಕೆಯಿಟ್ಟು ಮಡಿಸಿ ನನ್ನ ಕೈಗೆ ಕೊಟ್ಟರು. “ಬಾಯಾಗ ಇಟಗೋ ಯವ್ವಾ. ಇನ್ನೂ ಐದು ಗಾಲಿ ಅದಾವು.”